ಮನೆ ಮುಂದೆ ಕಲ್ಲು ಬಾನಿಯಲ್ಲಿ ತಾವರೆ ಬೆಳೆಸೋದಾ, ಫೈಬರ್ ಕಾರಂಜಿ ಇಡೋದಾ?

ಕುವೆಂಪುನಗರದವ
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮ ಮನೆ ಮುಂದೆ 20ಕ್ಕೆ 15 ಅಡಿ ಜಾಗ ಇದೆ. ದಾಸವಾಳ, ಪಾರಿಜಾತ, ಒಂದಷ್ಟು ಕ್ರೋಟನ್ ಬಿಟ್ಟರೆ ಅಲ್ಲಿ ಏನೂ ಇಲ್ಲ. ಈಗ ಸ್ವಲ್ಪ ಚೆಂದ ಮಾಡೋಣ ಅಂತ ಹೊರಟಿದ್ದೇವೆ. ಊರಲ್ಲಿ ಬಾವಿ ಪಕ್ಕ ಎತ್ತುಗಳಿಗೆ ನೀರು ಇಡುತ್ತಿದ್ದ ಕಲ್ಲು ಬಾನಿ ಇದೆ. ಈಗ ಎತ್ತೂ ಇಲ್ಲ, ಬಾವಿಯಲ್ಲಿ ನೀರೂ ಇಲ್ಲ, ಬಾನಿ ಸುಮ್ನೆ ಬಿದ್ದಿದೆ. ಅದನ್ನು ತಂದು ತಾವರೆ ಬೆಳೆಸಬೇಕು ಅನ್ನೋದು ನನ್ನ ಆಸೆ. ನಮ್ಮ ಮನೆಯವರಿಗೆ ನೀರು ಬೀಳುವ ಸದ್ದು ಬೇಕು. ಅವರು ನೋಡಿಕೊಂಡು ಬಂದಿರೋದು ಫೈಬರ್ ಕಾರಂಜಿ, ಮೂರು ಮಡಕೆ, ಒಂದರಿಂದ ಇನ್ನೊಂದಕ್ಕೆ ನೀರು ಸುರಿಯುತ್ತೆ, ಪಕ್ಕದಲ್ಲಿ ಬುದ್ಧನ ತಲೆ, ಒಳಗೆ ಬಣ್ಣದ ಲೈಟು. ಅಂಗಡಿಯಲ್ಲಿ 14 ಸಾವಿರ ಹೇಳಿದರು.

ಎರಡನ್ನೂ ಸೇರಿಸಿ ಬಾನಿ ಮಧ್ಯದಲ್ಲೇ ಕಾರಂಜಿ ಇಟ್ಟು ಸುತ್ತ ತಾವರೆ ಬಿಡಬಹುದಾ? ಸೊಳ್ಳೆ ಭಯ ಇದೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಬೋರ್ ನೀರು ತುಂಬಾ ಗಡಸು. ಬಾನಿ ಹೊರಗಿನ ಅಳತೆ 4 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಗೊತ್ತಿರುವವರು ಹೇಳಿ.

ಹಾಸನದ ಹುಡುಗ
ಬಾನಿ ತನ್ನಿ ಸರ್. ಎರಡು ಮಾತೇ ಇಲ್ಲ.

ಪುಟ್ಟಕೊಳ
ಬಾನಿ ಸರಿ, ಆದರೆ ಎರಡನ್ನೂ ಸೇರಿಸಬೇಡಿ. ತಾವರೆ, ನೈದಿಲೆ ಎರಡಕ್ಕೂ ನಿಂತ ನೀರೇ ಇಷ್ಟ. ನೈದಿಲೆ ಎಲೆ ಮೇಲೆ ಸದಾ ನೀರು ಚಿಮ್ಮುತ್ತಿದ್ದರೆ ಎಲೆ ಹಳದಿಯಾಗಿ ಕೊಳೆಯುತ್ತೆ, ಮೊಗ್ಗು ಬಿಡೋದೂ ಕಮ್ಮಿ ಆಗುತ್ತೆ. ದೊಡ್ಡ ಕೊಳವಾದರೆ ಒಂದು ಮೂಲೆಯಲ್ಲಿ ಕಾರಂಜಿ, ಇನ್ನೊಂದು ಮೂಲೆಯಲ್ಲಿ ಹೂವು ಅಂತ ಹೊಂದಿಸಬಹುದು. ನಾಲ್ಕು ಅಡಿ ಬಾನಿಯಲ್ಲಿ ಅಷ್ಟು ದೂರ ಎಲ್ಲಿದೆ?

ಇನ್ನೊಂದು ಮಾತು. ತಾವರೆಗೆ ಗುಂಡಗಿನ ಟಬ್ಬೇ ಸರಿ. ಅದರ ಗೆಡ್ಡೆ ಕೆಸರಿನೊಳಗೆ ಓಡುತ್ತಾ ಬೆಳೆಯುತ್ತೆ. ಚೌಕದ ತೊಟ್ಟಿಯಲ್ಲಿ ತುದಿ ಮೂಲೆಗೆ ಹೋಗಿ ಸಿಕ್ಕಿಕೊಳ್ಳುತ್ತೆ, ಆ ತುದಿ ಮುರಿದರೆ ಗಿಡದ ಕಥೆ ಮುಗೀತು. ಹಾಗಾಗಿ ಬಾನಿಗೆ ನೈದಿಲೆ ಹಾಕಿ. ತಾವರೆಯೇ ಬೇಕು ಅಂದರೆ ಪಕ್ಕದಲ್ಲಿ ಎರಡು ಅಡಿ ಅಗಲದ, ತೂತಿಲ್ಲದ ಟಬ್ ಇಡಿ. ಎರಡಕ್ಕೂ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ಪಾರಿಜಾತದ ನೆರಳಲ್ಲಿ ಇಟ್ಟರೆ ಎಲೆ ಮಾತ್ರ ಬರುತ್ತೆ.

ಮಲೆನಾಡಿನ ಅಕ್ಕ
ಪುಟ್ಟಕೊಳ ಅವರು ಹೇಳಿದ್ದು ಸರಿ. ನಾನು ತೀರ್ಥಹಳ್ಳಿ ಕಡೆಯವಳು, ನಮ್ಮಲ್ಲಿ ಹಳೇ ಕಲ್ಲು ಮರಿಗೆಗಳು ಕೊಟ್ಟಿಗೆ ಪಕ್ಕ ಬೇಕಾದಷ್ಟಿವೆ. ಕೆಂಪು ನೈದಿಲೆ ಹಾಕಿ ನೋಡಿ. ಸಂಜೆ ಕತ್ತಲಾದ ಮೇಲೆ ಬಿರಿಯುತ್ತೆ, ಮಾರನೇ ದಿನ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತೆ. ಕೆಲಸಕ್ಕೆ ಹೋಗಿ ಬರುವವರಿಗೆ ಅದೇ ಚೆಂದ. ಹಗಲು ಅರಳುವ ನೀಲಿಯದ್ದು ಬೇಕಾದರೆ ಅದೂ ಸಿಗುತ್ತೆ.

ಮಣ್ಣು ಹೇಗೆ ಅಂದರೆ, ನರ್ಸರಿಯ ಪಾಟ್ ಮಿಕ್ಸ್ ಹಾಕಲೇಬೇಡಿ. ಕೊಕೊಪಿಟ್ ಎಲ್ಲ ತೇಲಿ ಮೇಲೆ ಬಂದು ನೀರು ಕಾಫಿ ಬಣ್ಣಕ್ಕೆ ತಿರುಗುತ್ತೆ. ಕೆರೆ ಗೋಡು ಸಿಕ್ಕರೆ ಉತ್ತಮ, ಇಲ್ಲಾಂದರೆ ಜಿಗುಟು ಇರುವ ಹೊಲದ ಮಣ್ಣು. ತಳಕ್ಕೆ ಚೆನ್ನಾಗಿ ಕಳಿತ ಗೊಬ್ಬರ ಒಂದು ಹಿಡಿ, ಅದರ ಮೇಲೆ ಮಣ್ಣು, ಮೇಲೆ ಒಂದು ಇಂಚು ದಪ್ಪ ಮರಳು. ಮರಳು ಇದ್ದರೆ ಮಣ್ಣು ಕದಡೋದಿಲ್ಲ. ಹಸಿ ಸಗಣಿ ಹಾಕಿದರೆ ಗುಳ್ಳೆ ಬಂದು ನಾತ ಹೊಡೆಯುತ್ತೆ, ಗೆಡ್ಡೆಯೂ ಕೊಳೆಯುತ್ತೆ.

ಸಿವಿಲ್ ಸೈಟು
ಬಾನಿ ತರುವ ಮುಂಚೆ ತೂಕ ಲೆಕ್ಕ ಹಾಕಿದ್ದೀರಾ? ನೀವು ಕೊಟ್ಟ ಅಳತೆಗೆ ಗೋಡೆ ಮೂರು ಇಂಚು, ತಳ ಆರು ಇಂಚು ದಪ್ಪ ಇದೆ ಅಂದುಕೊಂಡರೂ ಬರೀ ಕಲ್ಲೇ 500 ಕೆಜಿ ಆಸುಪಾಸು. ಒಳಗೆ ಸುಮಾರು 150 ಲೀಟರ್ ನೀರು, ಅಂದರೆ ಇನ್ನೂ 150 ಕೆಜಿ. ನಾಲ್ಕು ಜನ ಎತ್ತಿ ಇಡುವ ವಸ್ತು ಅಲ್ಲ ಇದು. ಟ್ರಾಕ್ಟರಿಗೆ ಹಾಕೋಕೆ ಜೆಸಿಬಿ, ಇಳಿಸೋಕೆ ಚೈನ್ ಪುಲ್ಲಿ, ಗೇಟಿನೊಳಗೆ ಉರುಳಿಸೋಕೆ ಜಿಐ ಪೈಪು ಬೇಕಾಗುತ್ತೆ. ಕೆಳಗೆ ಬರೀ ಮಣ್ಣಿದ್ದರೆ ಒಂದು ಮಳೆಗೆ ಒಂದು ಕಡೆ ಕುಸಿದು ವಾಲುತ್ತೆ. ಅರ್ಧ ಅಡಿ ಅಗೆದು, ಜಲ್ಲಿ ದಿಮ್ಮಿಸಿ, ನಾಲ್ಕು ಇಂಚು ಕಾಂಕ್ರೀಟ್ ಹಾಕಿ, ರಸಮಟ್ಟ ಇಟ್ಟು ನೋಡಿ. ನೀರು ತುಂಬಿದಾಗ ಒಂದು ಕಡೆ ಅಂಚು ಕಾಣಿಸಿ ಇನ್ನೊಂದು ಕಡೆ ತುಳುಕುತ್ತಿದ್ದರೆ ಎಷ್ಟೇ ಒಳ್ಳೇ ಕಲ್ಲಾದರೂ ನೋಡೋಕೆ ಅಸಹ್ಯ.

ಟೆರೇಸ್ ತೋಟ
ನಾನು ಇದನ್ನೇ ತಾರಸಿ ಮೇಲೆ ಮಾಡಬೇಕು ಅಂತಿದ್ದೆ. ಕಲ್ಲು ಬೇಡ, ಇಟ್ಟಿಗೆ ಕಟ್ಟಿ ಒಂದೂವರೆ ಅಡಿ ಆಳದ ಕೊಳ. ಪರವಾಗಿಲ್ವಾ?

ಸಿವಿಲ್ ಸೈಟು
ಬೇಡ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ ಲೆಕ್ಕದಲ್ಲಿ ಡಿಸೈನ್ ಮಾಡಿರುತ್ತಾರೆ. 15 ಸೆಂಟಿಮೀಟರ್ ನೀರು ನಿಲ್ಲಿಸಿದರೇ ಅಷ್ಟು ಭಾರ ಆಯಿತು. ನಿಮ್ಮದು ಒಂದೂವರೆ ಅಡಿ, ಅಂದರೆ ಅದರ ಮೂರು ಪಟ್ಟು, ಮೇಲೆ ಇಟ್ಟಿಗೆ, ಪ್ಲಾಸ್ಟರ್, ಮಣ್ಣು ಬೇರೆ. ಮನೆಯ ಡ್ರಾಯಿಂಗ್ ಹಿಡಿದುಕೊಂಡು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಹೋಗಿ. ಅಲ್ಲಿವರೆಗೆ ಒಂದೆರಡು ಟಬ್ ಇಡಿ ಸಾಕು, ಅದೂ ಸ್ಲ್ಯಾಬಿನ ಮಧ್ಯದಲ್ಲಿ ಅಲ್ಲ, ಗೋಡೆ ಅಥವಾ ತೊಲೆ ಬರುವ ಜಾಗದಲ್ಲಿ.

ಗೃಹಿಣಿ ಹಾವೇರಿ
ಎಲ್ಲರೂ ಬಾನಿ ಬಾನಿ ಅಂತಿದ್ದೀರಿ, ಅವರ ಹೆಂಡತಿ ಕೇಳಿದ್ದು ನೀರಿನ ಸದ್ದು. ಅದಕ್ಕೂ ಯಾರಾದರೂ ಉತ್ತರ ಕೊಡಿ. ನಮ್ಮ ಮನೆಯಲ್ಲಿ ಫೈಬರ್ ಕಾರಂಜಿಯೇ ಇರೋದು. ನೆರಳಲ್ಲಿ ಇಟ್ಟಿದ್ದೇವೆ, ಬಣ್ಣ ಹೋಗಿಲ್ಲ. ಸಂಜೆ ಕೆಲಸ ಮುಗಿಸಿ ಅಲ್ಲಿ ಕೂತರೆ ರಸ್ತೆಯ ಹಾರ್ನ್ ಕೇಳಿಸೋದೇ ಇಲ್ಲ. ಅದಕ್ಕೆ ಬೆಲೆ ಇಲ್ವಾ?

ವೈರ್‌ಮನ್
ಖಂಡಿತ ಬೆಲೆ ಇದೆ ಅಕ್ಕಾ. ಖರ್ಚೂ ಅಂಥ ಜಾಸ್ತಿ ಅಲ್ಲ. ಚಿಕ್ಕ ಕಾರಂಜಿಗೆ 18 ವ್ಯಾಟಿನ ಸಬ್‌ಮರ್ಸಿಬಲ್ ಪಂಪ್ ಸಾಕು. ದಿನಕ್ಕೆ ಎಂಟು ಗಂಟೆ ಓಡಿದರೂ ತಿಂಗಳಿಗೆ ನಾಲ್ಕೂ ಚಿಲ್ಲರೆ ಯೂನಿಟ್. ಆದರೆ ವೈರಿಂಗ್ ವಿಷಯದಲ್ಲಿ ಜನ ತುಂಬಾ ಸಸಾರ ಮಾಡುತ್ತಾರೆ. ವರಾಂಡದ ಪ್ಲಗ್ಗಿನಿಂದ ಎಕ್ಸ್‌ಟೆನ್ಷನ್ ಎಳೆದು, ಜಾಯಿಂಟಿಗೆ ಟೇಪು ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿರೋದನ್ನ ಮನೆ ಮನೆಯಲ್ಲಿ ನೋಡ್ತೀನಿ. ನೀರಿಗೆ ಕೈ ಹಾಕುವ ಜಾಗ ಅದು. ಆ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಟ್ ಮಾಡುವ ಸ್ವಿಚ್ಚು) ಇರಲೇಬೇಕು, ಅರ್ಥಿಂಗ್ ಸರಿಯಾಗಿರಬೇಕು, ಕೇಬಲ್ ಪೈಪಿನೊಳಗೆ ಹೋಗಬೇಕು. ಮಗು ಇರುವ ಮನೆ ಅಂದಿರಿ, ಹಾಗಾದರೆ 12 ವೋಲ್ಟಿನ ಪಂಪೇ ತಗೊಳ್ಳಿ. ಅಡಾಪ್ಟರ್ ಮನೆಯೊಳಗೆ ಒಣ ಜಾಗದಲ್ಲಿರಲಿ.

ನೀರು ಕಮ್ಮಿಯಾಗಿ ಪಂಪ್ ಬರೀ ಗಾಳಿ ಎಳೆದರೆ ಸುಟ್ಟುಹೋಗುತ್ತೆ. ಊರಿಗೆ ಹೋಗುವಾಗ ಆಫ್ ಮಾಡಿ ಹೋಗಿ.

ಡೆಂಗ್ಯೂ ಕಂಡವಳು
ಸೊಳ್ಳೆ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಬೀದಿಯಲ್ಲಿ ಡೆಂಗ್ಯೂ ಬಂದು ಅಕ್ಕಪಕ್ಕದ ಮಕ್ಕಳು ಆಸ್ಪತ್ರೆ ಸೇರಿದ್ದನ್ನು ನೋಡಿದ ಮೇಲೆ ಮನೆ ಮುಂದೆ ನೀರು ನಿಲ್ಲಿಸುವ ಯೋಚನೆಯೇ ನನಗೆ ಸರಿ ಕಾಣಲ್ಲ. 2024ರಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಮರಿಗೆ ಜಾಗ ಕೊಟ್ಟ ಮನೆಗಳಿಗೆ ದಂಡ ಹಾಕುವ ನಿಯಮ ತಂದಿದ್ದು ನೆನಪಿಲ್ವಾ? ಅಲಂಕಾರಕ್ಕೋಸ್ಕರ ಯಾಕೆ ಬೇಕು ಇದೆಲ್ಲ?

ಪುಟ್ಟಕೊಳ
ನಿಮ್ಮ ಭಯ ನ್ಯಾಯವಾದದ್ದೇ. ಆದರೆ ಸೊಳ್ಳೆ ಮರಿ ತಿನ್ನುವ ಮೀನಿರುವ ಬಾನಿ ಅಲ್ಲ ಅಪಾಯ. ನಿಜವಾದ ಅಪಾಯ ಇರೋದು ನಾವು ತಲೆ ಕೆಡಿಸಿಕೊಳ್ಳದ ಸಣ್ಣ ಸಣ್ಣ ಜಾಗಗಳಲ್ಲಿ. ಕುಂಡದ ಕೆಳಗಿನ ತಟ್ಟೆ, ಅಲಂಕಾರದ ಕಪ್ಪೆ ಬೊಂಬೆಯ ಬೆನ್ನಿನ ತೂತು, ಕತ್ತರಿಸಿದ ಬಿದಿರಿನ ಗಿಣ್ಣು, ಬೋರಲು ಹಾಕದ ಮಡಕೆ, ಕಾರಂಜಿ ಕೆಟ್ಟು ನಿಂತಾಗ ಅದರ ಮಡಕೆಗಳಲ್ಲಿ ಉಳಿದ ನೀರು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಒಂದೆರಡು ಚಮಚ ತಿಳಿ ನೀರು ಸಾಕು. ಮೊಟ್ಟೆಯಿಂದ ರೆಕ್ಕೆ ಬರೋಕೆ ಹೆಚ್ಚುಕಮ್ಮಿ ಒಂದು ವಾರ, ಹತ್ತು ದಿನ. ಮೊಟ್ಟೆ ಇಡೋದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ. ನೀರು ಚೆಲ್ಲಿದರೂ ಆ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿರುತ್ತೆ, ಮತ್ತೆ ನೀರು ತಾಗಿದಾಗ ಒಡೆಯುತ್ತೆ. ಅದಕ್ಕೇ ಬರೀ ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಅಂಚನ್ನು ಉಜ್ಜಬೇಕು.

ಹಾಸನದ ಹುಡುಗ
ಗಪ್ಪಿ ಮೀನು ಬಿಟ್ಟರೆ ಮುಗೀತು ಅಲ್ವಾ? ಹತ್ತು ಬಿಟ್ಟರೆ ಎರಡು ತಿಂಗಳಲ್ಲಿ ನೂರಾಗುತ್ತೆ.

ಹೊಳೆದಂಡೆ
ಬಾನಿಯಲ್ಲಿ ಬಿಡಿ, ಪರವಾಗಿಲ್ಲ. ಆದರೆ ಜಾಸ್ತಿಯಾದವನ್ನು ಕೆರೆಗೆ, ಹಳ್ಳಕ್ಕೆ ಬಿಡಬೇಡಿ ಅಂತ ಕೈಮುಗಿದು ಕೇಳ್ತೀನಿ. ಗಪ್ಪಿ, ಸೊಳ್ಳೆ ಮರಿ ತಿನ್ನೋಕೆ ಅಂತ ಬಿಡುವ ಗ್ಯಾಂಬೂಸಿಯಾ ಮೀನು, ಎರಡೂ ಹೊರದೇಶದವು. ನಮ್ಮ ಮೀನಿನ ಮರಿ, ಕಪ್ಪೆ ಮೊಟ್ಟೆ ಎಲ್ಲ ತಿಂದು ಹಾಕುತ್ತವೆ. ನಮ್ಮ ಹಳ್ಳಗಳಲ್ಲೇ ನೆತ್ತಿ ಮೇಲೆ ಬೆಳ್ಳಿ ಚುಕ್ಕೆ ಹೊಳೆಯುವ ಪುಟ್ಟ ಮೀನು ಇದೆ, ಸದಾ ನೀರಿನ ಮೇಲ್ಪದರದಲ್ಲೇ ಇರುತ್ತೆ. ಸೊಳ್ಳೆ ಮರಿ ಉಸಿರಾಡೋಕೆ ಬರೋದೂ ಅಲ್ಲಿಗೇ. ಸಿಕ್ಕರೆ ಅದನ್ನೇ ಬಿಡಿ. ಸಂಜೆ ಮೇಲೆ ನೆಗೆಯುತ್ತೆ, ಹಾಗಾಗಿ ನೀರು ಅಂಚಿಗಿಂತ ಮೂರು ನಾಲ್ಕು ಇಂಚು ಕೆಳಗಿರಲಿ.

ಗಿಡಕ್ಕೂ ಇದೇ ಮಾತು. ಅಂತರಗಂಗೆ ನೋಡೋಕೆ ಚೆಂದ, ನೇರಳೆ ಹೂವು ಬಿಡುತ್ತೆ, ಯಾರೋ ಪುಕ್ಕಟೆ ಕೊಡುತ್ತಾರೆ. ಬೆಂಗಳೂರಿನ ಕೆರೆಗಳನ್ನು ಮುಚ್ಚಿ ಹಾಕಿರೋದು ಅದೇ. ಮನೆಗೆ ತರಲೇಬೇಡಿ.

ಮೀನಿನ ಅಂಗಡಿ ಪಕ್ಕದವ
ಜೊತೆಗೆ ಎರಡು ಆಮೆ ಬಿಟ್ಟರೆ ಮಕ್ಕಳಿಗೆ ಖುಷಿ.

ಹೊಳೆದಂಡೆ
ಆಗಲ್ಲ ಅಣ್ಣ. ನಕ್ಷತ್ರ ಆಮೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಬರುತ್ತೆ, ಮನೆಯಲ್ಲಿ ಇಟ್ಟರೆ ಕೇಸು. ಅದು ನೆಲದ ಆಮೆ, ನೀರಿಗೆ ಬಿಟ್ಟರೆ ಸಾಯುತ್ತೆ ಬೇರೆ. ಅಂಗಡಿಯಲ್ಲಿ ಸಿಗುವ ಕೆನ್ನೆ ಕೆಂಪಿನ ಆಮೆ ಅಮೆರಿಕದ್ದು. ಕಾಸಿನಗಲ ಇರುವಾಗ ಕೊಡುತ್ತಾರೆ, ಊಟದ ತಟ್ಟೆಯಷ್ಟು ಬೆಳೆದ ಮೇಲೆ ಜನ ಕೆರೆಗೆ ಎಸೆದು ಬರುತ್ತಾರೆ.

ಕುವೆಂಪುನಗರದವ
ಇಷ್ಟು ಬೇಗ ಇಷ್ಟೊಂದು ಉತ್ತರ! ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಮನೆಯವರಿಗೆ ಓದಿ ಹೇಳಿದೆ. ಬಾನಿಗೆ ನೈದಿಲೆ, ಸದ್ದಿಗೆ ಬೇರೆ ಏನಾದರೂ ಅಂತ ಒಪ್ಪಿದ್ದಾರೆ. ಮಗುವಿನ ವಿಷಯ ಯಾರಾದರೂ ಹೇಳಿ. ಅಜ್ಜಿ ಅದಕ್ಕೇ ಬೇಡ ಅಂತಿದ್ದಾರೆ.

ಮಲೆನಾಡಿನ ಅಕ್ಕ
ಅಜ್ಜಿ ಮಾತು ತೆಗೆದುಹಾಕಬೇಡಿ. ಎರಡು ವರ್ಷದ ಮಗುವಿಗೆ ತಲೆ ಭಾರ, ಬಗ್ಗಿ ನೋಡುವಾಗ ಮುಗ್ಗರಿಸಿದರೆ ತಾನಾಗಿ ಏಳೋಕೆ ಬರಲ್ಲ. ಅರ್ಧ ಅಡಿ ನೀರೂ ಸಾಕು, ಸದ್ದೂ ಆಗಲ್ಲ. ನೀರಿನಿಂದ ಎರಡು ಇಂಚು ಕೆಳಗೆ ಗಟ್ಟಿ ವೆಲ್ಡ್ ಮೆಶ್ (ಕಬ್ಬಿಣದ ಜಾಲರಿ) ಕೂರಿಸಿ. ಒಳಗೆ ನಾಲ್ಕು ಮೂಲೆಗೂ ಇಟ್ಟಿಗೆ ನಿಲ್ಲಿಸಿ ಅದರ ಮೇಲೆ ಇಟ್ಟರೆ ಅಲ್ಲಾಡೋದಿಲ್ಲ. ಕಪ್ಪು ಬಣ್ಣ ಬಳಿದರೆ ಕಾಣಿಸೋದೂ ಇಲ್ಲ. ನೈದಿಲೆ ದಂಟು ಮೆಶ್ ಕಣ್ಣಿನಿಂದ ಮೇಲೆ ಬರುತ್ತೆ, ಮೀನೂ ಓಡಾಡುತ್ತೆ. ಮೆಶ್ ಹಾಕುವವರೆಗೆ ನೀರು ತುಂಬಬೇಡಿ. ಮೆಶ್ ಇದೆ ಅಂತ ಮಗುವನ್ನು ಒಂಟಿಯಾಗಿ ಬಿಡಲೂಬೇಡಿ.

ಧಾರವಾಡದವರು
ಸದ್ದಿಗೆ ನನ್ನದೊಂದು ಐಡಿಯಾ. ನಿಮ್ಮ ಊರಲ್ಲಿ ಹಳೇ ಒರಳು ಇದ್ದೇ ಇರುತ್ತೆ. ನೆಲದೊಳಗೆ ತೂತು ಮಾಡಿದ ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ತೊಟ್ಟಿ ಹೂತು, ಅದರ ಮೇಲೆ ಗಟ್ಟಿ ಜಾಲರಿ ಹಾಕಿ, ಜಾಲರಿ ಮೇಲೆ ಒರಳು ಕೂರಿಸಿ. ಪಂಪ್ ತೊಟ್ಟಿಯೊಳಗೆ. ಪೈಪು ಒರಳಿನ ಪಕ್ಕದಿಂದ ಬಂದು ಬಾಯಿಗೆ ನೀರು ಬಿಡುತ್ತೆ. ಒರಳು ತುಂಬಿ, ಅಂಚಿನಿಂದ ಇಳಿದು, ಸುತ್ತ ಹಾಕಿರುವ ಗುಂಡುಕಲ್ಲಿನ ಸಂದಿಯಿಂದ ಮತ್ತೆ ತೊಟ್ಟಿಗೆ ಹೋಗುತ್ತೆ. ಮೇಲೆ ನೀರು ನಿಂತಿರೋದು ಒರಳಿನ ಬಾಯಲ್ಲಿ ಮಾತ್ರ. ಮಗುವಿಗೂ ಭಯ ಇಲ್ಲ. ಸದ್ದು ಜಾಸ್ತಿ ಬೇಕಾದರೆ ನೀರು ಬೀಳುವ ಎತ್ತರ ಹೆಚ್ಚಿಸಿ, ಕಮ್ಮಿ ಬೇಕಾದರೆ ಬೀಳುವ ಜಾಗಕ್ಕೆ ಒಂದು ಚಪ್ಪಟೆ ಕಲ್ಲು ಇಡಿ. ತೊಟ್ಟಿ ಮುಚ್ಚಿರುವುದರಿಂದ ಆವಿಯಾಗೋದೂ ಕಡಿಮೆ. ನಮ್ಮ ಕಡೆ ಬಿಸಿಲು ಭಾಳ ರೀ, ಅದಕ್ಕೇ ಹೇಳಿದೆ. ಬಯಲು ಸೀಮೆಯ ಏಪ್ರಿಲ್‌ನಲ್ಲಿ ತೆರೆದ ನೀರು ದಿನಕ್ಕೆ ಅರ್ಧ ಸೆಂಟಿಮೀಟರಿಗೂ ಮೇಲೆ ಇಳಿಯುತ್ತೆ.

ಗೃಹಿಣಿ ಹಾವೇರಿ
ಒರಳಿಗೆ ಪೂಜೆ ಮಾಡ್ತಿದ್ದೆವು ನಾವು. ಅದನ್ನ ಅಂಗಳದಲ್ಲಿ ಕಾರಂಜಿ ಮಾಡೋದು ಸರೀನಾ?

ಧಾರವಾಡದವರು
ಬೇಲಿ ಪಕ್ಕ ಮುಳ್ಳಿನಲ್ಲಿ ಬೋರಲು ಬಿದ್ದಿರೋದಕ್ಕಿಂತ ಒಳ್ಳೇದಲ್ವಾ ಅಕ್ಕಾ? ಕಾಲು ತಾಗದ ಹಾಗೆ ಸ್ವಲ್ಪ ಎತ್ತರದಲ್ಲಿ ಇಟ್ಟರೆ ಆಯಿತು.

ರಾಮನಗರ ಬಂಡೆ
ಹಳೇ ಕಲ್ಲಿನ ಮಾತು ಬಂತಲ್ಲ. ನಮ್ಮ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಇದೆ, ಕುದುರೆ ಮೇಲೆ ಕೂತಿರೋದು, ಮೇಲೆ ಸೂರ್ಯ ಚಂದ್ರ. ಅದನ್ನು ತಂದು ತೋಟದಲ್ಲಿ ನಿಲ್ಲಿಸಿ ಕೆಳಗಿಂದ ಲೈಟ್ ಬಿಟ್ಟರೆ ಸೂಪರ್ ಆಗಿರುತ್ತೆ ಅಂತ ಡಿಸೈನರ್ ಹೇಳಿದ.

ಶಾಸನ ಓದುವವ
ದಯವಿಟ್ಟು ಮುಟ್ಟಬೇಡಿ. ನೂರು ವರ್ಷ ದಾಟಿದ ಕಲ್ಲಿನ ಶಿಲ್ಪ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತೆ. ಕಾನೂನು ಪಕ್ಕಕ್ಕಿಡಿ. ವೀರಗಲ್ಲು ಯಾರೋ ಒಬ್ಬ ಊರಿಗಾಗಿ, ದನಕ್ಕಾಗಿ ಸತ್ತ ಅನ್ನೋದನ್ನು ಹೇಳುವ ಕಲ್ಲು. ಅದು ನಿಂತಿರುವ ಜಾಗವೇ ಅರ್ಧ ದಾಖಲೆ. ಬೆಂಗಳೂರು ಅನ್ನೋ ಹೆಸರು ಸಿಕ್ಕಿರೋದು ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ, ‘ಬೆಂಗಳೂರ ಕಾಳಗ’ ಅಂತ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದಿದ್ದು 2018ರಲ್ಲಿ, ಅದು ಸುಮಾರು 750ರ ಕಾಲದ್ದು. ಅದನ್ನು ಯಾರಾದರೂ ದೂರದ ಬಂಗಲೆಗೆ ಹೊತ್ತುಕೊಂಡು ಹೋಗಿದ್ದರೆ ಹೆಬ್ಬಾಳಕ್ಕೆ ಅಷ್ಟು ಹಳೇ ಕಥೆ ಇದೆ ಅಂತ ನಮಗೆ ಹೇಗೆ ಗೊತ್ತಾಗ್ತಿತ್ತು? ನಿಮ್ಮ ಕಲ್ಲಿನ ಫೋಟೊ ತೆಗೆದು, ಎಲ್ಲಿದೆ ಅಂತ ಗುರುತು ಹಾಕಿ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ನಾಗರಕಲ್ಲಿಗೂ ಇದೇ ಮಾತು.

ತೋಟಕ್ಕೆ ಕೆತ್ತಿದ ಕಲ್ಲು ಬೇಕಾದರೆ ಹೊಸದು ಮಾಡಿಸಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ, ಕಾರ್ಕಳದಲ್ಲಿ ತಲೆತಲಾಂತರದಿಂದ ಕೆತ್ತುವವರಿದ್ದಾರೆ. ದೀಪದ ಕಂಬವೋ ಬಾನಿಯೋ ಏನು ಕೇಳಿದರೂ ಮಾಡಿಕೊಡುತ್ತಾರೆ, ಅವರಿಗೂ ಕೆಲಸ ಸಿಗುತ್ತೆ.

ರಾಮನಗರ ಬಂಡೆ
ಸರಿ ಸರ್. ಅಲ್ಲೇ ಇರಲಿ. ಸುತ್ತ ಮುಳ್ಳು ಸವರಿ ಒಂದು ಕಟ್ಟೆ ಕಟ್ಟಿಸಬಹುದಾ?

ಶಾಸನ ಓದುವವ
ಮುಳ್ಳು ಸವರಿ, ಅದು ಒಳ್ಳೇ ಕೆಲಸ. ಕಟ್ಟೆಗೆ ಮುಂಚೆ ಇಲಾಖೆಯವರನ್ನು ಕೇಳಿ. ಸಿಮೆಂಟ್, ಎನಾಮಲ್ ಪೇಂಟ್ ಮಾತ್ರ ಬಳಿಯಬೇಡಿ, ಅಕ್ಷರ ಇದ್ದರೆ ಮುಚ್ಚಿಹೋಗುತ್ತೆ.

ಬುದ್ಧಿಮಾತು
ಬುದ್ಧನ ತಲೆ ಬಗ್ಗೆ ಒಂದು ಮಾತು. ಪೂಜಿಸುವವರಿಗೆ ಅದು ದೇವರ ರೂಪ. ಬರೀ ತಲೆ ಕತ್ತರಿಸಿ ಗಿಡದ ಬುಡದಲ್ಲಿ ಇಡೋದು ನೋವು ಕೊಡುತ್ತೆ. ನಮ್ಮ ದೇವರನ್ನು ಯಾರಾದರೂ ಹಾಗೆ ಇಟ್ಟರೆ ಒಪ್ತೀವಾ?

ಕುವೆಂಪುನಗರದವ
ಇದು ನಮಗೆ ಹೊಳೆದೇ ಇರಲಿಲ್ಲ. ಬಿಟ್ಟೆವು.

ಕರಾವಳಿ ಗುಡ್ಡೆ
ನಮ್ಮ ಮಂಗಳೂರು ಕಡೆಯವರಿಗೂ ಒಂದು ಮಾತು ಸೇರಿಸ್ತೇನೆ. ಇಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ. ಕೊಳಕ್ಕೆ ಮೇಲ್ಗಡೆ ಹೊರಹೋಗುವ ಪೈಪು ಇಡದಿದ್ದರೆ ಜೂನ್‌ನಲ್ಲಿ ಮೀನೆಲ್ಲ ತೋಡಿಗೆ. ಪೈಪಿನ ಬಾಯಿಗೆ ಸೊಳ್ಳೆ ಪರದೆ ಕಟ್ಟಿ. ಮುರಕಲ್ಲಿನಲ್ಲಿ (ಜಂಬಿಟ್ಟಿಗೆ) ಕಟ್ಟಿದರೆ ಪಾಚಿ ಹಿಡಿದು ಬಹಳ ಚೆಂದ ಕಾಣುತ್ತದೆ, ಆದರೆ ಅದು ನೀರು ಕುಡಿಯುವ ಕಲ್ಲು, ಒಳಗೆ ಗಾರೆ ಬೇಕೇ ಬೇಕು. ನಡೆಯುವ ದಾರಿಗೆ ನಯ ಮಾಡಿದ ಕಡಪ ಹಾಕಬೇಡಿ. ಮಳೆಗಾಲದಲ್ಲಿ ಜಾರಿ ಸೊಂಟ ಮುರಿಯುತ್ತದೆ.

ಟೆರೇಸ್ ತೋಟ
ಸಿಮೆಂಟ್ ತೊಟ್ಟಿ ಮಾಡಿಸಿದರೆ ಮೀನು ಸಾಯುತ್ತವೆ ಅಂತಾರೆ, ಹೌದಾ?

ಕರಾವಳಿ ಗುಡ್ಡೆ
ಹೊಸ ಸಿಮೆಂಟಿನಿಂದ ಸುಣ್ಣ ಬಿಡುತ್ತದೆ, ಅದಕ್ಕೆ ಸಾಯುವುದು. ನೀರು ತುಂಬಿಸಿ ಬಾಳೆ ದಿಂಡು ಕತ್ತರಿಸಿ ಹಾಕಿ, ಅದು ಕೊಳೆತ ಮೇಲೆ ಪೂರ್ತಿ ಚೆಲ್ಲಿ ತೊಳೆಯಿರಿ. ಹೀಗೆ ಮೂರು ನಾಲ್ಕು ವಾರ ಮಾಡಿ, ಆಮೇಲೆ ಒಂದೆರಡು ಮೀನು ಮಾತ್ರ ಬಿಟ್ಟು ನೋಡಿ. ಕಲ್ಲು ಬಾನಿಗೆ ಈ ರಗಳೆ ಇಲ್ಲ.

ನ್ಯೂಜೆರ್ಸಿ ಕನ್ನಡಿಗ
ಓದಿ ಊರು ನೆನಪಾಯಿತು. ಇಲ್ಲಿ ನಮ್ಮ ಕಷ್ಟವೇ ಬೇರೆ. ನವೆಂಬರ್ ಬಂದರೆ ಪಂಪ್ ತೆಗೆದು ಒಳಗಿಡಬೇಕು. ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಮಣ್ಣಿನ ಕುಂಡ ಸೀಳಿಹೋಗುತ್ತೆ, ಪಿಂಗಾಣಿ ಜಾಡಿಯೂ ಅಷ್ಟೇ. ತಾವರೆ ಗೆಡ್ಡೆ ಮಾತ್ರ ಬದುಕುತ್ತೆ, ಟಬ್ಬನ್ನು ಗ್ಯಾರೇಜಿಗೆ ಎಳೆದು ಮಣ್ಣು ಒಣಗದ ಹಾಗೆ ನೋಡಿಕೊಂಡರೆ ಸಾಕು. ಮೇನಲ್ಲಿ ಮತ್ತೆ ಚಿಗುರುತ್ತೆ.

ಪಿಕಳಾರ
ಹಕ್ಕಿಗಳಿಗೂ ಸ್ವಲ್ಪ ಜಾಗ ಮಾಡಿ. ಬಾನಿ ಆಳ, ಅವು ಸ್ನಾನಕ್ಕೆ ಇಳಿಯಲ್ಲ. ಎರಡು ಇಂಚಿಗಿಂತ ಆಳ ಇಲ್ಲದ, ತಳ ಒರಟಾಗಿರುವ ಮಣ್ಣಿನ ತಟ್ಟೆ ಸಾಕು. ಬೆಕ್ಕು ಅಡಗೋಕೆ ಆಗದಷ್ಟು ದೂರದಲ್ಲಿ ಪೊದೆ ಇರಲಿ. ನೀರು ದಿನಾ ಬದಲಿಸಿ. ಪಿಕಳಾರ, ಮಡಿವಾಳ ಹಕ್ಕಿ, ಸೂರಕ್ಕಿ ಎಲ್ಲ ಬರುತ್ತವೆ. ಮಿಂಚುಳ್ಳಿ ಬಂದರೆ ಬಾನಿಯ ಮೀನು ಲೆಕ್ಕ ತಪ್ಪುತ್ತೆ, ಅದೂ ನೋಡೋಕೆ ಚೆಂದವೇ.

ಬಸವನಗುಡಿ
ನೀರಿನ ಲೆಕ್ಕವನ್ನೂ ನೋಡಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರಂಜಿಗೆ ಬಳಸಿದರೆ 5000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಮಳೆನೀರು ಹಿಡಿದಿಟ್ಟು ತುಂಬೋದು ಒಳ್ಳೇದು. ಅಂದಹಾಗೆ, ವಾಸ್ತು ಪ್ರಕಾರ ಈಶಾನ್ಯದಲ್ಲಿ ಇಡಬೇಕು.

ಪುಟ್ಟಕೊಳ
ಈಶಾನ್ಯದಲ್ಲಿ ಬಿಸಿಲು ಬಿದ್ದರೆ ಅಲ್ಲೇ ಇಡಲಿ. ಬೀಳದಿದ್ದರೆ ಹೂವು ಬಿಡಲ್ಲ, ಅಷ್ಟೇ.

ಕುವೆಂಪುನಗರದವ
ನಮ್ಮಲ್ಲಿ ಬಿಸಿಲು ಬೀಳೋದು ಗೇಟಿನ ಪಕ್ಕ, ಅಲ್ಲೇ ಇಡ್ತೀವಿ. ಕೊನೆಯದಾಗಿ ಎರಡು ಪ್ರಶ್ನೆ. ಗಡಸು ನೀರಿನಿಂದ ಕಲ್ಲಿಗೆ ಬಿಳಿ ಪೊರೆ ಕಟ್ಟಿದರೆ ಏನು ಮಾಡೋದು? ನೀರು ಹಸಿರಾದರೆ ಪೂರ್ತಿ ಬದಲಿಸಬೇಕಾ?

ಮಲೆನಾಡಿನ ಅಕ್ಕ
ಪೊರೆಗೆ ಹುಣಸೆಹಣ್ಣು ಅಥವಾ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ. ಗ್ರಾನೈಟಿಗೆ ಏನೂ ಆಗಲ್ಲ, ಮಾರ್ಬಲ್‌ಗೆ ಮಾತ್ರ ಹಚ್ಚಬೇಡಿ. ತೊಳೆದ ನೀರು ಮೀನಿಗೆ ಸೇರಬಾರದು.

ಪುಟ್ಟಕೊಳ
ಪೂರ್ತಿ ಬದಲಿಸಿದರೆ ಎರಡು ವಾರದಲ್ಲಿ ಮತ್ತೆ ಹಸಿರು. ಬಿಸಿಲು ಮತ್ತು ಗೊಬ್ಬರ ಎರಡೂ ಸಿಕ್ಕಾಗ ಪಾಚಿ ಏಳುತ್ತೆ. ಮೀನಿಗೆ ಆಹಾರ ಕಮ್ಮಿ ಮಾಡಿ, ಬಿದ್ದ ಎಲೆ ತೆಗೆಯಿರಿ, ನೀರಿನ ಅರ್ಧಕ್ಕಿಂತ ಜಾಸ್ತಿ ಭಾಗ ನೈದಿಲೆ ಎಲೆಯಿಂದ ಮುಚ್ಚುವವರೆಗೆ ಕಾಯಿರಿ. ಮೊದಲ ಒಂದೆರಡು ತಿಂಗಳು ಹಸಿರು ಇದ್ದೇ ಇರುತ್ತೆ, ಗಾಬರಿ ಬೇಡ. ಇಳಿದಷ್ಟು ನೀರು ತುಂಬಿಸುವಾಗ ಆರ್‌ಒ ಯಂತ್ರದ ತ್ಯಾಜ್ಯ ನೀರು ಹಾಕಬೇಡಿ, ಅದರಲ್ಲಿ ಉಪ್ಪು ಜಾಸ್ತಿ. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದು ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತೆ. ಮೈಸೂರಿಗೆ ಮೇ ತಿಂಗಳಲ್ಲೇ ಮಳೆ ಶುರುವಾಗುತ್ತಲ್ಲ, ಅಷ್ಟರೊಳಗೆ ತಾರಸಿ ಪೈಪಿಗೆ ಒಂದು ಡ್ರಮ್ ಜೋಡಿಸಿ, ಬಾಯಿಗೆ ಬಟ್ಟೆ ಕಟ್ಟಿ. ಬಾನಿಗೆ ಅದೇ ನೀರು ಸಾಕಾಗುತ್ತೆ.